ಪಿಕಪ್ ಗಾಡಿಯ ಎಣ್ಣೆಯ ಲೆಕ್ಕ

ಮೋಟಾರು ಗಾಡಿಯನ್ನು ಕೊಳ್ಳಹೊರಟವನು ಮೊದಲು ಕೇಳುವ ಪ್ರಶ್ನೆ "ಮೈಲೇಜು ಎಷ್ಟು?" ಎಂಬುದು. ಮೈಲಿಯನ್ನು ಕೈಬಿಟ್ಟು ಕಿಲೋಮೀಟರನ್ನು ಹಿಡಿಯುವ ಕಾನೂನು ನಮ್ಮ ದೇಶದಲ್ಲಿ 1956ರಲ್ಲಿಯೇ ಅಂಗೀಕೃತವಾಯಿತಾದರೂ ಈ ಮಾತು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿದೆ. ಒಂದು ಲೀಟರ್ ಎಣ್ಣೆಗೆ ಗಾಡಿ ಎಷ್ಟು ಕಿಲೋಮೀಟರ್ ಓಡುವುದೆಂಬುದೇ ಇದರ ಅರ್ಥ. ಪ್ರಶ್ನೆ ಸರಳವಾಗಿದೆ, ಉತ್ತರವೂ ಒಂದೇ ಅಂಕಿಯಲ್ಲಿ ದೊರೆಯುವುದೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಗಾಡಿಗಳನ್ನು ಇಬ್ಬರು ಚಾಲಕರು ಓಡಿಸಿದಾಗ ಒಬ್ಬನಿಗೆ ಲೀಟರಿಗೆ 15 ಕಿಲೋಮೀಟರೂ ಮತ್ತೊಬ್ಬನಿಗೆ 11 ಕಿಲೋಮೀಟರೂ ಬರುವುದುಂಟು. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಇದು ಹೇಗೆ ಸಾಧ್ಯವೆಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನವಷ್ಟನ್ನೇ ಬಳಸಿ ಈ ಲೇಖನದಲ್ಲಿ ವಿಚಾರ ಮಾಡೋಣ.

ಉದಾಹರಣೆಗೆ ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಬಹುದು. ಭಟ್ಕಳದ ತೆಂಗಿನಗುಂಡಿ, ಹೊನ್ನಾವರದ ಕಾಸರಕೋಡು, ಕುಮಟೆಯ ಬಳಿಯ ತದಡಿ, ಈ ಬಂದರುಗಳಲ್ಲಿ ದೋಣಿಯಿಂದಿಳಿದ ಬಂಗಡೆ, ತಾರ್ಲೆ ಮೊದಲಾದ ಮೀನುಗಳು ಹೆಚ್ಚಾಗಿ ಚಿಕ್ಕ ಪಿಕಪ್ ಗಾಡಿಗಳನ್ನೇರಿ ಪೇಟೆಗಳಿಗೂ ಘಟ್ಟದ ಮೇಲಿನ ಊರುಗಳಿಗೂ ಸಾಗುವುವು. ಅಮೆರಿಕದಲ್ಲಿ ಪಿಕಪ್ ಎಂದರೆ ಫೋರ್ಡ್ ಎಫ್-150ರಂಥ ಎರಡು ಟನ್ನಿನ ಆಸುಪಾಸಿನ ತೂಕದ ಭಾರಿ ಗಾಡಿ. ಅನೇಕರು ಅದನ್ನು ಕಾರಿನಂತೆ ಒಬ್ಬರೇ ಕುಳಿತು, ಹಿಂಭಾಗವನ್ನು ಬರಿದಾಗಿಟ್ಟುಕೊಂಡು ಓಡಿಸುವರು. ನಮ್ಮಲ್ಲಿ ಪಿಕಪ್ ದುಡಿಮೆಯ ಗಾಡಿ. 2005ರಲ್ಲಿ ಬಂದ ಟಾಟಾ ಏಸ್ ಮುಕ್ಕಾಲು ಟನ್ ಹೊರುವ ಚಿಕ್ಕ ಗಾಡಿಯಾದರೆ, ಮಹೀಂದ್ರ ಬೊಲೆರೊ ಪಿಕಪ್ಪಿನ ಜಾತಿಯವು ಒಂದೂವರೆ ಟನ್ನಿನ ಆಸುಪಾಸಿನ ಭಾರವನ್ನು ಹೊರತಕ್ಕವು. ಮೀನು ಮಾರುವವನಿಗೆ ದಿನದ ಲಾಭವೂ ನಷ್ಟವೂ ಅನೇಕ ವೇಳೆ ಒಂದೆರಡು ಲೀಟರ್ ಡೀಸೆಲ್ಲಿನ ಅಂತರದಲ್ಲಿಯೇ ಇರುವುದಾದುದರಿಂದ ಈ ಲೆಕ್ಕ ಅವನ ಪಾಲಿಗೆ ಜೀವನೋಪಾಯದ ಲೆಕ್ಕವೇ ಸರಿ.

ಪರೀಕ್ಷಾಲಯದ ಅಂಕಿ

ಗಾಡಿಯ ಕಂಪನಿಯವರು ಪ್ರಕಟಿಸುವ ಮೈಲೇಜು ಬಂದದ್ದು ರಸ್ತೆಯಿಂದಲ್ಲ, ಪರೀಕ್ಷಾಲಯದಿಂದ. ಅಲ್ಲಿ ಗಾಡಿಯ ಚಕ್ರಗಳನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸಿ, ನಿಂತ ಜಾಗದಲ್ಲಿಯೇ ಓಡಿಸುವರು. ಯಾವ ಸೆಕೆಂಡಿನಲ್ಲಿ ಎಷ್ಟು ವೇಗವಿರಬೇಕೆಂಬುದು ಮೊದಲೇ ಗೊತ್ತುಮಾಡಿದ ಒಂದು ಪಟ್ಟಿಯಲ್ಲಿರುವುದು. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪಟ್ಟಿಯ ಅವಧಿ 1180 ಸೆಕೆಂಡುಗಳು. ದೂರ ಸುಮಾರು 10.6 ಕಿಲೋಮೀಟರ್, ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಸರಾಸರಿ ವೇಗ ಗಂಟೆಗೆ 32 ಕಿಲೋಮೀಟರಿಗೆ ಸಮೀಪ. ಗಾಡಿಯ ತೂಕವನ್ನು ಅದರ ಖಾಲಿ ತೂಕಕ್ಕೆ 150 ಕಿಲೋಗ್ರಾಂ ಸೇರಿಸಿ ಲೆಕ್ಕಹಿಡಿಯುವುದು ವಾಡಿಕೆ. 1966ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಮೋಟಾರು ಗಾಡಿಗಳ ಸಂಶೋಧನ ಸಂಸ್ಥೆಯಂಥ ಕಡೆಗಳಲ್ಲಿ ಇಂಥ ಪರೀಕ್ಷೆಗಳು ನಡೆಯುವುವು.

ಈ ಅಂಕಿಯನ್ನು ಸುಳ್ಳೆನ್ನಬಾರದು. ಎಲ್ಲ ಗಾಡಿಗಳಿಗೂ ಒಂದೇ ಬಗೆಯ ಪರೀಕ್ಷೆಯಾದುದರಿಂದ ಒಂದನ್ನು ಮತ್ತೊಂದರೊಡನೆ ಹೋಲಿಸಲು ಅದು ಉಪಯುಕ್ತ. ಆದರೆ ಉರುಳೆಯ ಮೇಲೆ ಘಟ್ಟವಿಲ್ಲ, ಎದುರುಗಾಳಿಯಿಲ್ಲ, ಟನ್ನುಗಟ್ಟಲೆ ಮೀನು ಮಂಜುಗಡ್ಡೆಗಳಿಲ್ಲ. ಅಮೆರಿಕದಲ್ಲಿಯೂ ಇದೇ ತೊಡಕು ಕಾಣಿಸಿಕೊಂಡು, ಅಲ್ಲಿನ ಸರಕಾರ 2008ರ ಮಾದರಿಯ ಗಾಡಿಗಳಿಂದ ಮೊದಲುಗೊಂಡು ಹೆಚ್ಚಿನ ವೇಗ, ಹವಾನಿಯಂತ್ರಣ ಯಂತ್ರದ ಬಳಕೆ, ಚಳಿಯಲ್ಲಿ ಓಡಾಟ ಇವುಗಳನ್ನೂ ಲೆಕ್ಕಕ್ಕೆ ತಂದಿತು. ಹೀಗೆ ಮಾಡಿದೊಡನೆ ಅನೇಕ ಗಾಡಿಗಳ ಪ್ರಕಟಿತ ಅಂಕಿಗಳು ಇಳಿದುವು, ಗಾಡಿಗಳೇನೂ ಬದಲಾಗಿರಲಿಲ್ಲ.

ಒಂದು ಲೀಟರಿನ ಬಂಡವಾಳ

ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿದರೆ ಸುಮಾರು 36 ಮೆಗಾಜೂಲ್, ಎಂದರೆ 3 ಕೋಟಿ 60 ಲಕ್ಷ ಜೂಲ್ ಶಾಖ ಹುಟ್ಟುವುದು. ಇದೇ ನಮ್ಮ ಬಂಡವಾಳ. ಆದರೆ ಶಾಖವೆಲ್ಲವನ್ನೂ ಕೆಲಸವಾಗಿ ಪರಿವರ್ತಿಸಬಲ್ಲ ಯಂತ್ರ ಪ್ರಕೃತಿಯಲ್ಲಿ ಸಾಧ್ಯವಿಲ್ಲವೆಂಬುದನ್ನು ಫ್ರಾನ್ಸಿನ ಸಾದಿ ಕಾರ್ನೊ 1824ರಷ್ಟು ಹಿಂದೆಯೇ ಕಂಡುಕೊಂಡನು. ಜರ್ಮನಿಯ ರುಡಾಲ್ಫ್ ಡೀಸೆಲ್ ನಿರ್ಮಿಸಿದ ಎಂಜಿನ್ನನ್ನು 1897ರಲ್ಲಿ ಪರೀಕ್ಷಿಸಿದಾಗ ಅದರ ದಕ್ಷತೆ ನೂರಕ್ಕೆ 26ರಷ್ಟಿದ್ದಿತು. ಆ ಕಾಲಕ್ಕೆ ಅದು ಅಚ್ಚರಿಯ ಸಾಧನೆ. ಇಂದಿನ ಎಂಜಿನ್ನುಗಳು ಇದಕ್ಕಿಂತ ಬಹಳ ಮುಂದುವರಿದಿವೆ. ಆದರೂ ರಸ್ತೆಯ ಮೇಲಿನ ದಿನನಿತ್ಯದ ಓಟದಲ್ಲಿ, ಹೊಗೆಕೊಳವೆಯಿಂದ ಹೊರಹೋಗುವ ಶಾಖ, ರೇಡಿಯೇಟರಿನ ನೀರು ಒಯ್ಯುವ ಶಾಖ, ಎಂಜಿನ್ನಿನ ಒಳಘರ್ಷಣೆ, ಗೇರುಗಳ ಘರ್ಷಣೆ ಇವೆಲ್ಲ ಕಳೆದು ಚಕ್ರವನ್ನು ಮುಟ್ಟುವುದು ಬಂಡವಾಳದ ಕಾಲುಭಾಗಕ್ಕೆ ಸ್ವಲ್ಪ ಮಿಗಿಲಷ್ಟೇ. ಲೆಕ್ಕದ ಸೌಕರ್ಯಕ್ಕಾಗಿ, ಭಾರ ಹೊತ್ತ ಗಾಡಿಯ ಚಕ್ರಕ್ಕೆ ಒಂದು ಲೀಟರಿನಿಂದ 10 ಮೆಗಾಜೂಲ್ ದೊರೆಯುವುದೆಂದು ಇಟ್ಟುಕೊಳ್ಳೋಣ.

ಖಾಲಿ ಗಾಡಿಗೆ ಇಷ್ಟೂ ದೊರೆಯದು. ಎಂಜಿನ್ನಿನ ಒಳಘರ್ಷಣೆ ಕೆಲಸ ಕಡಿಮೆಯಾದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ; ಸಂಪಾದನೆ ತಗ್ಗಿದರೂ ಮನೆಯ ಬಾಡಿಗೆ ತಗ್ಗದಿರುವಂತೆ. ಆದುದರಿಂದ ಖಾಲಿ ಗಾಡಿಗೆ ಲೀಟರಿಗೆ 9 ಮೆಗಾಜೂಲ್ ಎಂದು ಹಿಡಿಯೋಣ.

ಈಗ ವೆಚ್ಚದ ಕಡೆಗೆ ತಿರುಗೋಣ. ನಮ್ಮ ಗಾಡಿಯ ಖಾಲಿ ತೂಕ 1700 ಕಿಲೋಗ್ರಾಂ, ಹೊರೆ 1300 ಕಿಲೋಗ್ರಾಂ, ಒಟ್ಟು 3000 ಕಿಲೋಗ್ರಾಂ ಇರಲಿ. ಗುರುತ್ವದ ವೇಗೋತ್ಕರ್ಷವನ್ನು 10 ಎಂದು ದುಂಡು ಮಾಡೋಣ. ಇಲ್ಲಿ ಬರುವ ಅಂಕಿಗಳು ಯಾವುದೇ ಒಂದು ಕಂಪನಿಯ ಗಾಡಿಯವಲ್ಲ. ಇಂಥ ಗಾಡಿಗಳ ಸ್ವಭಾವವನ್ನು ತೋರಿಸತಕ್ಕ ಮಾದರಿಯ ಅಂಕಿಗಳು.

ಮೊದಲನೆಯ ವೆಚ್ಚ: ಟಯರು

ಉರುಳುವ ಟಯರು ನೆಲವನ್ನು ತಾಗಿದೆಡೆ ಚಪ್ಪಟೆಯಾಗಿ, ಮುಂದೆ ಸಾಗಿದೊಡನೆ ಮತ್ತೆ ದುಂಡಗಾಗುವುದು. ಹೀಗೆ ಕ್ಷಣಕ್ಷಣವೂ ಬಾಗಿ ನಿಮಿರುವ ರಬ್ಬರು ಬಿಸಿಯಾಗುವುದು. ಆ ಶಾಖ ಡೀಸೆಲ್ಲಿನಿಂದಲೇ ಬಂದದ್ದು. ಒಳ್ಳೆಯ ಡಾಂಬರು ರಸ್ತೆಯಲ್ಲಿ ಈ ಉರುಳು ತಡೆ ಗಾಡಿಯ ತೂಕದ ಸಾವಿರಕ್ಕೆ ಹನ್ನೆರಡು ಪಾಲಿನಷ್ಟಿರುವುದು. 3000 ಕಿಲೋಗ್ರಾಮಿಗೆ ಅದು 360 ನ್ಯೂಟನ್. ಖಾಲಿ ಗಾಡಿಗೆ 204 ನ್ಯೂಟನ್. ತೂಕ ಹೆಚ್ಚಿದಂತೆ ಇದು ಹೆಚ್ಚುವುದು. ವೇಗಕ್ಕೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಹೀಗೆ ಚಪ್ಪಟೆಯಾಗದು. ಆದುದರಿಂದಲೇ ಅಲ್ಲಿ ಉರುಳು ತಡೆ ಟಯರಿನ ತಡೆಯ ಹಲವು ಪಾಲುಗಳಲ್ಲಿ ಒಂದು ಪಾಲು ಮಾತ್ರ. ಭಟ್ಕಳ, ಹೊನ್ನಾವರ, ಕುಮಟೆಗಳ ಮೂಲಕ ಹಾಯುವ ಕೊಂಕಣ ರೈಲುಮಾರ್ಗದಲ್ಲಿ, 1999ರಿಂದ ಮೊದಲುಗೊಂಡು ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೇರಿಸಿ ಸಾಗಿಸುವ ಏರ್ಪಾಡು ಆದುದರ ಹಿಂದೆ ಈ ತತ್ತ್ವವೂ ಇದೆ.

ಎರಡನೆಯ ವೆಚ್ಚ: ಗಾಳಿ

ಗಾಡಿ ಓಡುವಾಗ ಮುಂದಿರುವ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಈ ವಾತರೋಧ ವೇಗದ ವರ್ಗವನ್ನು ಅನುಸರಿಸುವುದು. ಎಂದರೆ ವೇಗ ಇಮ್ಮಡಿಯಾದರೆ ರೋಧ ನಾಲ್ಮಡಿಯಾಗುವುದು. ಚೌಕಾಕಾರದ ಪಿಕಪ್ಪಿಗೆ, ಅದರ ಮುಖದ ವಿಸ್ತಾರ 3 ಚದರ ಮೀಟರ್ ಎಂದು ಹಿಡಿದರೆ, ರೋಧ ಸುಮಾರಾಗಿ 1.08 × (ವೇಗದ ವರ್ಗ) ನ್ಯೂಟನ್ ಆಗುವುದು. ಇಲ್ಲಿ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆಯಬೇಕು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್, ರೋಧ 300 ನ್ಯೂಟನ್.

ಒಂದು ನ್ಯೂಟನ್ ತಡೆಯನ್ನು ಎದುರಿಸಿ ಒಂದು ಮೀಟರ್ ಸಾಗಲು ಒಂದು ಜೂಲ್ ಬೇಕು. ಹೀಗಾಗಿ ಗಂಟೆಗೆ 60ರ ವೇಗದಲ್ಲಿ ಭಾರದ ಗಾಡಿಗೆ 360 + 300 = 660 ನ್ಯೂಟನ್ ತಡೆಯಿದ್ದು, ಕಿಲೋಮೀಟರಿಗೆ 0.66 ಮೆಗಾಜೂಲ್ ವೆಚ್ಚವಾಗುವುದು. 10ನ್ನು 0.66ರಿಂದ ಭಾಗಿಸಿದರೆ ಲೀಟರಿಗೆ 15.2 ಕಿಲೋಮೀಟರ್ ಎಂದು ದೊರೆಯುವುದು. ಇದೇ ಬಗೆಯಾಗಿ ಉಳಿದ ವೇಗಗಳಿಗೂ ಲೆಕ್ಕಹಾಕಿದರೆ,

ಗಂಟೆಗೆ 50 ಕಿ.ಮೀ.: ತಡೆ 568 ನ್ಯೂಟನ್, ಲೀಟರಿಗೆ 17.6 ಕಿ.ಮೀ.
ಗಂಟೆಗೆ 60 ಕಿ.ಮೀ.: ತಡೆ 660 ನ್ಯೂಟನ್, ಲೀಟರಿಗೆ 15.2 ಕಿ.ಮೀ.
ಗಂಟೆಗೆ 70 ಕಿ.ಮೀ.: ತಡೆ 768 ನ್ಯೂಟನ್, ಲೀಟರಿಗೆ 13.0 ಕಿ.ಮೀ.
ಗಂಟೆಗೆ 80 ಕಿ.ಮೀ.: ತಡೆ 893 ನ್ಯೂಟನ್, ಲೀಟರಿಗೆ 11.2 ಕಿ.ಮೀ.

ಭಟ್ಕಳದಿಂದ ಶಿರಾಲಿ, ಮಂಕಿ, ಹೊನ್ನಾವರ, ಹಳದೀಪುರಗಳ ಮೇಲಾಗಿ ಕುಮಟೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರ್. ಈ ದೂರವನ್ನು 60ರ ವೇಗದಲ್ಲಿ ಸಾಗಿದರೆ ಒಂದು ಗಂಟೆ ಹಿಡಿಯುವುದು, ಸುಮಾರು 4 ಲೀಟರ್ ಖರ್ಚಾಗುವುದು. 80ರ ವೇಗದಲ್ಲಿ ಮುಕ್ಕಾಲು ಗಂಟೆ ಸಾಕು, ಆದರೆ 5.4 ಲೀಟರ್ ಬೇಕು. ಉಳಿದ ಹದಿನೈದು ನಿಮಿಷಗಳ ಬೆಲೆ 1.4 ಲೀಟರ್ ಡೀಸೆಲ್. ಪೇಟೆಯಲ್ಲಿ ಮೊದಲು ಮುಟ್ಟಿದವನ ಮೀನಿಗೆ ಒಳ್ಳೆಯ ಬೆಲೆ ಬರುವ ದಿನ ಅದು ಲಾಭದ ವ್ಯಾಪಾರವೂ ಆಗಬಹುದು. ಖಾಲಿ ಪೆಟ್ಟಿಗೆಗಳೊಡನೆ ಹಿಂದಿರುಗುವಾಗ ಅದೇ ಅವಸರ ಬರಿಯ ನಷ್ಟ.

ಹಾಗಾದರೆ ಇನ್ನೂ ನಿಧಾನವಾಗಿ, ಗಂಟೆಗೆ 20ರ ವೇಗದಲ್ಲಿ ಹೋದರೆ ಇನ್ನೂ ಉಳಿತಾಯವೆ? ಅಲ್ಲ. ಎಂಜಿನ್ನಿನ ಒಳಘರ್ಷಣೆ ಕಾಲಕ್ಕೆ ತಕ್ಕಂತೆ ಎಣ್ಣೆಯನ್ನು ತಿನ್ನುತ್ತಲೇ ಇರುವುದರಿಂದ, ಬಹಳ ನಿಧಾನವಾದರೆ ಪ್ರಯಾಣ ಉದ್ದವಾಗಿ ಆ ಖರ್ಚು ಮೇಲಾಗುವುದು. ಇಂಥ ಗಾಡಿಗಳಿಗೆ ಮೇಲಣ ಗೇರಿನಲ್ಲಿ ಗಂಟೆಗೆ 40ರಿಂದ 60ರವರೆಗಿನ ಸಮವೇಗವೇ ಹಿತವಾದುದು.

ಮೂರನೆಯ ವೆಚ್ಚ: ನಿಲ್ಲುವುದು, ಹೊರಡುವುದು

ಇದುವರೆಗಿನ ಲೆಕ್ಕ ಸಮವೇಗದ ಓಟದ್ದು. ನಿಜವಾದ ಹೆದ್ದಾರಿಯಲ್ಲಿ ದನಕರುಗಳಿರುವುವು, ಶಾಲೆಯ ಮಕ್ಕಳಿರುವರು, ರಸ್ತೆ ಅಗಲಿಸುವ ಕಾಮಗಾರಿಯ ತಿರುವುಗಳಿರುವುವು, ಪೇಟೆಗಳಲ್ಲಿ ಬಸ್ಸುಗಳು ನಿಲ್ಲುವುವು. 3000 ಕಿಲೋಗ್ರಾಮಿನ ಗಾಡಿ ಗಂಟೆಗೆ 60ರ ವೇಗದಲ್ಲಿರುವಾಗ ಅದರ ಚಲನಶಕ್ತಿ, ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು, ಎಂದರೆ ಸುಮಾರು 0.42 ಮೆಗಾಜೂಲ್. ಬ್ರೇಕನ್ನು ಒತ್ತಿ ನಿಲ್ಲಿಸಿದಾಗ ಇದಷ್ಟೂ ಬ್ರೇಕಿನಲ್ಲಿ ಶಾಖವಾಗಿ ಗಾಳಿಗೆ ಸೇರುವುದು. ಮತ್ತೆ ಅದೇ ವೇಗಕ್ಕೆ ತರಲು 42 ಮಿಲಿಲೀಟರ್, ಎಂದರೆ ಸುಮಾರು ಮೂರು ದೊಡ್ಡ ಚಮಚೆಯಷ್ಟು ಡೀಸೆಲ್ ಬೇಕು. ಪೂರ್ಣವಾಗಿ ನಿಲ್ಲಿಸದೆ 60ರಿಂದ 30ಕ್ಕೆ ಇಳಿಸಿದರೆ ಅರ್ಧ ನಷ್ಟವಾಯಿತೆಂದು ತಿಳಿಯಬಾರದು. ವರ್ಗದ ನಿಯಮದಂತೆ ಮುಕ್ಕಾಲು ಪಾಲು ನಷ್ಟವಾಗಿರುವುದು.

ಭಟ್ಕಳದಿಂದ ಕುಮಟೆಗೆ ಹೋಗುವಾಗ ಇಂಥ ನಿಲುಗಡೆಗಳು ಇಪ್ಪತ್ತಾದುವೆನ್ನೋಣ. ಅದಕ್ಕೆ 0.83 ಲೀಟರ್. ಬಂದರಿನಲ್ಲಿ ಮೀನು ತುಂಬುವಾಗಲೂ ಪೇಟೆಯಲ್ಲಿ ಕಾಯುವಾಗಲೂ ಒಟ್ಟು ಅರ್ಧ ಗಂಟೆ ಎಂಜಿನ್ ಸುಮ್ಮನೆ ತಿರುಗುತ್ತಿದ್ದಿತೆನ್ನೋಣ. ಗಂಟೆಗೆ 0.7 ಲೀಟರಿನಂತೆ ಅದಕ್ಕೆ 0.35 ಲೀಟರ್. ಮೊದಲಿನ 3.96 ಲೀಟರಿಗೆ ಇವೆರಡನ್ನೂ ಸೇರಿಸಿದರೆ 5.14 ಲೀಟರ್. ಲೀಟರಿಗೆ 15.2 ಕಿಲೋಮೀಟರ್ ಇದ್ದುದು 11.7ಕ್ಕೆ ಇಳಿಯಿತು. ಎಂಜಿನ್ ಅದೇ, ಹೊರೆ ಅದೇ, ರಸ್ತೆಯೂ ಅದೇ. ಮೊದಲು ಹೇಳಿದ ಇಬ್ಬರು ಚಾಲಕರ ಅಂತರಕ್ಕೆ ಕಾರಣ ಇಲ್ಲಿ ಸಿಕ್ಕಿತು.

ಇಲ್ಲಿ ಚಾಲಕನ ಜಾಣತನಕ್ಕೆ ಎಡೆಯಿದೆ. 60ರ ವೇಗದಲ್ಲಿರುವ ಈ ಗಾಡಿಯನ್ನು ಎಣ್ಣೆಯಿಲ್ಲದೆ ಹಾಗೆಯೇ ಉರುಳಲು ಬಿಟ್ಟರೆ, ಎಂಜಿನ್ನಿನ ತಡೆಯನ್ನು ಲೆಕ್ಕಿಸದ ಪಕ್ಷದಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಅದು 800 ಮೀಟರಿಗೂ ಹೆಚ್ಚು ದೂರ ಸಾಗಬಲ್ಲುದು. ದೂರದಲ್ಲಿ ತಡೆಯೊಂದನ್ನು ಕಂಡೊಡನೆ ಕಾಲನ್ನು ಸಡಿಲಿಸುವ ಚಾಲಕನು ತನ್ನ ಚಲನಶಕ್ತಿಯನ್ನು ರಸ್ತೆಯ ಮೇಲೆ ವೆಚ್ಚಮಾಡುವನು. ಕೊನೆಯ ಗಳಿಗೆಯವರೆಗೆ ಒತ್ತಿ ಆಮೇಲೆ ಬ್ರೇಕು ಹಾಕುವವನು ಅದನ್ನು ಬ್ರೇಕಿನಲ್ಲಿ ಸುಡುವನು.

ನಾಲ್ಕನೆಯ ವೆಚ್ಚ: ಘಟ್ಟ

ಕರಾವಳಿಯ ಗಾಡಿಗೆ ಘಟ್ಟ ತಪ್ಪಿದ್ದಲ್ಲ. ಕುಮಟೆಯಿಂದ ದೇವಿಮನೆ ಘಟ್ಟವನ್ನೇರಿ ಶಿರಸಿಗೆ ಹೋಗುವ ದಾರಿ ಸುಮಾರು 60 ಕಿಲೋಮೀಟರ್. ಶಿರಸಿ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿದೆ. 3000 ಕಿಲೋಗ್ರಾಮನ್ನು ಅಷ್ಟು ಎತ್ತರಕ್ಕೆ ಏರಿಸಲು 3000 × 10 × 600 = 18 ಮೆಗಾಜೂಲ್, ಎಂದರೆ 1.8 ಲೀಟರ್ ಬೇಕು. ತಿರುವುಗಳ ರಸ್ತೆಯಾದುದರಿಂದ ವೇಗ ಗಂಟೆಗೆ 40 ಎಂದು ಹಿಡಿದರೆ ಟಯರು ಮತ್ತು ಗಾಳಿಯ ಖರ್ಚು 29.6 ಮೆಗಾಜೂಲ್. ಒಟ್ಟು 47.6 ಮೆಗಾಜೂಲ್, 4.76 ಲೀಟರ್, ಲೀಟರಿಗೆ 12.6 ಕಿಲೋಮೀಟರ್.

ಇಳಿಯುವಾಗ ಏರಿಸಿದ್ದು ಹಿಂದಕ್ಕೆ ಬರುವುದಲ್ಲವೆ ಎಂದು ಓದುಗರು ಕೇಳಬಹುದು. ಭಾಗಶಃ ಮಾತ್ರ. ಮೀನು ಶಿರಸಿಯಲ್ಲಿಯೇ ಉಳಿಯಿತು. ಅದಕ್ಕೆ ವೆಚ್ಚವಾದ ಪಾಲು ಮರಳಿ ಬಾರದು. ಖಾಲಿ ಗಾಡಿಯ 1700 ಕಿಲೋಗ್ರಾಮಿನಿಂದ 10.2 ಮೆಗಾಜೂಲ್ ದೊರೆಯಬೇಕು. ಆದರೆ ಘಟ್ಟದ ಇಳಿಜಾರು ನೂರು ಮೀಟರಿಗೆ ಐದು ಮೀಟರಿನಂತೆ ಇದೆಯೆಂದು ಭಾವಿಸಿದರೆ, ಅಲ್ಲಿ ಗುರುತ್ವ ಗಾಡಿಯನ್ನು 850 ನ್ಯೂಟನ್ ಬಲದಿಂದ ಕೆಳಕ್ಕೆಳೆಯುವುದು. 40ರ ವೇಗದಲ್ಲಿ ಗಾಡಿಗೆ ಬೇಕಾದುದು 337 ನ್ಯೂಟನ್ ಮಾತ್ರ. ಉಳಿದುದನ್ನು ಬ್ರೇಕೂ ಎಂಜಿನ್ನಿನ ತಡೆಯೂ ನುಂಗಬೇಕು. ಹೀಗೆ ಸುಮಾರು 6 ಮೆಗಾಜೂಲ್ ಪೋಲಾಗುವುದು. ಅದು 20 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಸಾಕಾಗುವ ಶಾಖ.

ಎಣ್ಣೆ ಉಳಿಸುವ ಆಸೆಯಿಂದ ಕೆಲವರು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲಿಗೆ ತರುವುದುಂಟು. ಇದು ಅಪಾಯವೂ ಹೌದು, ಲೆಕ್ಕದ ತಪ್ಪೂ ಹೌದು. ಗೇರಿನಲ್ಲಿರುವ ಗಾಡಿ ಕಾಲು ಸಡಿಲಿಸಿ ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುವುದು; ಇಂದಿನ ಡೀಸೆಲ್ ಎಂಜಿನ್ನುಗಳಲ್ಲಿ ಆಗ ಎಣ್ಣೆಯ ಸರಬರಾಜು ನಿಂತುಹೋಗುವುದು. ನ್ಯೂಟ್ರಲಿನಲ್ಲಾದರೋ ಎಂಜಿನ್ ಆರದಿರಲು ಎಣ್ಣೆಯನ್ನು ಕುಡಿಯುತ್ತಲೇ ಇರಬೇಕು. ಮೇಲಾಗಿ ಮೇಲೆ ಹೇಳಿದ ಶಾಖದ ಹೊರೆಯೆಲ್ಲವೂ ಬ್ರೇಕಿನ ಮೇಲೆಯೇ ಬಿದ್ದು, ಅತಿಯಾಗಿ ಕಾದ ಬ್ರೇಕು ಹಿಡಿತವನ್ನು ಕಳೆದುಕೊಳ್ಳುವುದು.

ಸರಾಸರಿಯ ಮೋಸ

ಇಳಿಯುವಾಗ ಉಪಯೋಗಕ್ಕೆ ಬಂದುದು 4 ಮೆಗಾಜೂಲ್ ಎಂದು ಹಿಡಿದರೆ, ಖಾಲಿ ಗಾಡಿ ಶಿರಸಿಯಿಂದ ಕುಮಟೆಗೆ ಸುಮಾರು 1.8 ಲೀಟರಿನಲ್ಲಿ ಬರುವುದು. ಲೀಟರಿಗೆ 33 ಕಿಲೋಮೀಟರ್. ಹೋಗುವಾಗ 12.6, ಬರುವಾಗ 33. ಇವುಗಳ ಸರಾಸರಿ 22.8 ಎಂದು ಚಾಲಕನು ಹೆಮ್ಮೆಪಡಬಹುದು. ನಿಜ ಬೇರೆ. ಒಟ್ಟು ದೂರ 120 ಕಿಲೋಮೀಟರ್, ಒಟ್ಟು ಎಣ್ಣೆ 6.56 ಲೀಟರ್, ಭಾಗಿಸಿದರೆ 18.3. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ಸರಿಯಲ್ಲ. ಎಣ್ಣೆಯನ್ನೂ ದೂರವನ್ನೂ ಬೇರೆಬೇರೆಯಾಗಿ ಕೂಡಿಸಿ ಆಮೇಲೆ ಭಾಗಿಸಬೇಕು. ಯೂರೋಪಿನ ದೇಶಗಳಲ್ಲಿ ಬಳಸುವ "100 ಕಿಲೋಮೀಟರಿಗೆ ಇಷ್ಟು ಲೀಟರ್" ಎಂಬ ಅಳತೆಯಲ್ಲಿ ಸಮದೂರಗಳಿಗೆ ಈ ಮೋಸವಿಲ್ಲ.

ಗಾಡಿ ಓಡಿದ್ದೆಷ್ಟು, ಮೀನು ಸಾಗಿದ್ದೆಷ್ಟು?

ಈಗ ವಿಷಯದ ತಿರುಳಿಗೆ ಬರೋಣ. ಗಂಟೆಗೆ 60ರ ಸಮವೇಗದಲ್ಲಿ ಪೂರ್ಣ ಹೊರೆಗೆ ಲೀಟರಿಗೆ 15.2 ಕಿಲೋಮೀಟರ್ ಎಂದು ಕಂಡೆವು. ಅರ್ಧ ಹೊರೆಗೆ, ಎಂದರೆ 650 ಕಿಲೋಗ್ರಾಮಿಗೆ, ಅದೇ ಲೆಕ್ಕ 17.2 ಎಂದು ತೋರಿಸುವುದು. ಖಾಲಿ ಗಾಡಿಗೆ ಸುಮಾರು 17.9. ಮೈಲೇಜನ್ನೇ ನೋಡುವವನು ಅರ್ಧ ಹೊರೆಯೇ ಮೇಲೆಂದೂ ಖಾಲಿ ಗಾಡಿ ಇನ್ನೂ ಮೇಲೆಂದೂ ಹೇಳಬೇಕಾಗುವುದು! ಅಳತೆ ಸರಿಯಾಗಿದೆ, ಕೇಳಿದ ಪ್ರಶ್ನೆಯೇ ತಪ್ಪು.

ಪಿಕಪ್ ಇರುವುದು ಸರಕನ್ನು ಸಾಗಿಸುವುದಕ್ಕಾಗಿ. ಆದುದರಿಂದ ಒಂದು ಟನ್ ಸರಕು ಒಂದು ಕಿಲೋಮೀಟರ್ ಸಾಗಿದರೆ ಅದನ್ನು ಒಂದು ಟನ್-ಕಿಲೋಮೀಟರ್ ಎಂದು ಎಣಿಸಿ, ಅದಕ್ಕೆ ತಗಲಿದ ಎಣ್ಣೆಯನ್ನು ನೋಡಬೇಕು. ಭಟ್ಕಳದಿಂದ ಕುಮಟೆಗೆ ಪೂರ್ಣ ಹೊರೆಯೊಡನೆ ಹೋಗಿ ಖಾಲಿಯಾಗಿ ಹಿಂದಿರುಗಿದರೆ 3.96 + 3.35 = 7.3 ಲೀಟರ್, ಸಾಗಿದ್ದು 1.3 × 60 = 78 ಟನ್-ಕಿಲೋಮೀಟರ್. 100 ಟನ್-ಕಿಲೋಮೀಟರಿಗೆ 9.4 ಲೀಟರ್. ಅರ್ಧ ಹೊರೆಯೊಡನೆ ಹೋಗಿಬಂದರೆ 6.84 ಲೀಟರ್, 39 ಟನ್-ಕಿಲೋಮೀಟರ್; 100ಕ್ಕೆ 17.5 ಲೀಟರ್. ಮೈಲೇಜು ಹೆಚ್ಚಾಯಿತು, ಮೀನಿನ ಮೇಲಿನ ಖರ್ಚೂ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹಿಂದಿರುಗುವಾಗ ಕುಮಟೆಯಿಂದ ಅಷ್ಟೇ ತೂಕದ ಬೇರೆ ಸರಕು ದೊರೆತರೆ ಒಟ್ಟು 7.92 ಲೀಟರಿಗೆ 156 ಟನ್-ಕಿಲೋಮೀಟರ್, 100ಕ್ಕೆ 5.1 ಲೀಟರ್ ಮಾತ್ರ. ಎಂಜಿನ್ನನ್ನು ಎಷ್ಟು ಸುಧಾರಿಸಿದರೂ ದೊರೆಯದ ಉಳಿತಾಯ ಒಂದು ಮರುಹೊರೆಯಿಂದ ದೊರೆಯಿತು.

ಅಮೆರಿಕದ ಭಾರಿ ಪಿಕಪ್ಪಿನ ವಿಷಯವೂ ಇದೇ. ಅಲ್ಲಿನ ಗ್ಯಾಲನ್ನಿಗೆ 20 ಮೈಲಿ ಎಂದರೆ ನಮ್ಮ ಲೀಟರಿಗೆ 8.5 ಕಿಲೋಮೀಟರ್. ಅದು ಟನ್ ಭಾರವನ್ನು ಹೊತ್ತಾಗ ಬಂದುದಾದರೆ ಒಪ್ಪತಕ್ಕ ಮಾತು; ಒಬ್ಬ ಮನುಷ್ಯನು ಕಚೇರಿಗೆ ಹೋಗಿಬಂದುದಕ್ಕಾದರೆ ದುಬಾರಿ.

ಆದರೆ ಈ ಗಣಿತವನ್ನು ಎಳೆದು, ಮಿತಿಮೀರಿದ ಹೊರೆ ಇನ್ನೂ ಲಾಭವೆಂದು ತಿಳಿಯಬಾರದು. ಬ್ರೇಕು, ಟಯರು, ಆಕ್ಸಲುಗಳು ನಿಶ್ಚಿತ ತೂಕಕ್ಕಾಗಿ ನಿರ್ಮಿತವಾದವು. ಹೊರೆ ಹೆಚ್ಚಿದಂತೆ ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುವುದು. ಘಟ್ಟದ ತಿರುವಿನಲ್ಲಿ ಅದರ ಪರಿಣಾಮ ಎಣ್ಣೆಯ ಲೆಕ್ಕದಲ್ಲಿ ಮುಗಿಯುವಂಥದಲ್ಲ.

ಮಂಜುಗಡ್ಡೆಯೂ ಒಂದು ಹೊರೆ

ಮೀನಿನ ಗಾಡಿಯ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊರೆಯೆಲ್ಲವೂ ಮೀನಲ್ಲ. ನಮ್ಮಂಥ ಬಿಸಿನಾಡಿನಲ್ಲಿ ಒಂದು ಕಿಲೋಗ್ರಾಂ ಮೀನಿಗೆ ಒಂದು ಕಿಲೋಗ್ರಾಂ ಮಂಜುಗಡ್ಡೆ ಹಾಕಬೇಕೆಂಬುದು ಸಾಮಾನ್ಯ ಸಲಹೆ. ಹಾಗಾದರೆ 1300 ಕಿಲೋಗ್ರಾಂ ಹೊರೆಯಲ್ಲಿ ಮೀನು 650 ಕಿಲೋಗ್ರಾಂ ಮಾತ್ರ.

ಈ ಮಂಜುಗಡ್ಡೆ ಏನು ಮಾಡುವುದು? ಒಂದು ಕಿಲೋಗ್ರಾಂ ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 108 ಕಿಲೋಜೂಲ್ ಶಾಖವನ್ನು ತೆಗೆಯಬೇಕು. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಗುಪ್ತೋಷ್ಣವನ್ನು ಹೀರುವುದು. ಎಂದರೆ ಮೀನನ್ನು ತಣಿಸಲು ಅದರ ತೂಕದ ಮೂರನೆಯ ಒಂದು ಪಾಲು ಮಂಜುಗಡ್ಡೆ ಸಾಕು. ಉಳಿದ ಎರಡು ಪಾಲು ಬೇಕಾಗುವುದು ಪೆಟ್ಟಿಗೆಯ ಗೋಡೆಗಳ ಮೂಲಕ ದಾರಿಯುದ್ದಕ್ಕೂ ಒಳನುಗ್ಗುವ ಬಿಸಿಲಿನ ಶಾಖವನ್ನು ಎದುರಿಸಲು. ಶಾಖವನ್ನು ಬಿಡದ ದಪ್ಪ ಗೋಡೆಯ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಾದರೆ ಎರಡು ಪಾಲು ಮೀನಿಗೆ ಒಂದು ಪಾಲು ಮಂಜುಗಡ್ಡೆ ಸಾಕಾಗಬಹುದು. ಆಗ ಅದೇ 1300 ಕಿಲೋಗ್ರಾಮಿನಲ್ಲಿ ಮೀನು 867 ಕಿಲೋಗ್ರಾಂ. ಹೋಗಿಬರುವ 7.3 ಲೀಟರನ್ನು ಹಂಚಿದರೆ 100 ಕಿಲೋಗ್ರಾಂ ಮೀನಿಗೆ ಮೊದಲು 1.12 ಲೀಟರ್ ಆಗುತ್ತಿದ್ದುದು ಈಗ 0.84 ಲೀಟರ್. ಎಂಜಿನ್ನನ್ನು ಮುಟ್ಟದೆ, ಪೆಟ್ಟಿಗೆಯನ್ನು ಬದಲಿಸಿ ಕಾಲುಪಾಲು ಎಣ್ಣೆ ಉಳಿಯಿತು. ಕರಗಿದ ನೀರನ್ನು ದಾರಿಯಲ್ಲಿ ಹೊತ್ತು ತಿರುಗುವುದೂ ವ್ಯರ್ಥವೇ. ಆದರೆ ಅದನ್ನು ಹೆದ್ದಾರಿಯ ಮೇಲೆ ಸುರಿಯುತ್ತ ಹೋದರೆ ಹಿಂದೆ ಬರುವ ಸೈಕಲ್ಲು ಮತ್ತು ಮೋಟಾರು ಸೈಕಲ್ಲುಗಳು ಜಾರುವುವಾದುದರಿಂದ ಗೊತ್ತಾದ ಜಾಗದಲ್ಲಿಯೇ ಬಸಿಯಬೇಕು.

ಅಳೆಯುವ ಬಗೆ

ಇಷ್ಟನ್ನು ಓದಿದ ವಿದ್ಯಾರ್ಥಿಗಳು ತಮ್ಮ ಊರಿನ ಗಾಡಿಯೊಂದರ ಮೇಲೆ ಈ ಲೆಕ್ಕವನ್ನು ಪರೀಕ್ಷಿಸಬಹುದು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಓಡಿದ ದೂರವನ್ನು ಬರೆದಿಟ್ಟು, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದಾಗ ಹಿಡಿದ ಎಣ್ಣೆಯಿಂದ ದೂರವನ್ನು ಭಾಗಿಸುವುದು ಕ್ರಮ. ಇಲ್ಲಿ ಒಂದು ಎಚ್ಚರ ಬೇಕು. ಎರಡು ಸಲವೂ ಮಟ್ಟ ಒಂದೇ ಆಗಿರುವುದು ಕಷ್ಟ. ಒಂದು ಲೀಟರಿನ ವ್ಯತ್ಯಾಸ ಬರಬಹುದು. 5 ಲೀಟರ್ ಓಡಿಸಿ ಅಳೆದರೆ ನೂರಕ್ಕೆ 20ರಷ್ಟು ತಪ್ಪು; 50 ಲೀಟರ್ ಓಡಿಸಿ ಅಳೆದರೆ ನೂರಕ್ಕೆ 2ರಷ್ಟು ಮಾತ್ರ. ಒಂದು ದಿನದ ಅಂಕಿಯನ್ನು ನಂಬದೆ ಹಲವು ಸಲ ತುಂಬಿಸಿ ಒಟ್ಟು ಲೆಕ್ಕ ತೆಗೆಯಬೇಕು. ದೂರ ತೋರಿಸುವ ಮೀಟರನ್ನೂ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಡನೆ ಹೋಲಿಸಿ ನೋಡಬೇಕು. ದೂರ ಮತ್ತು ಎಣ್ಣೆಯ ಜೊತೆಗೆ ಹೊರೆಯ ತೂಕವನ್ನೂ ನಿಲುಗಡೆಗಳ ಎಣಿಕೆಯನ್ನೂ ಬರೆದಿಟ್ಟರೆ ಆ ಪುಸ್ತಕದಿಂದ ಗಾಡಿಯ ಯಜಮಾನನಿಗೂ ಪ್ರಯೋಜನವುಂಟು.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧವಿರುವುದು; ಉಳಿದ ಹತ್ತು ತಿಂಗಳು ದುಡಿಮೆಯ ಕಾಲ. ದಿನಕ್ಕೆ ಒಂದು ಲೀಟರ್ ಉಳಿಸಿದರೂ 250 ದಿನಗಳ ಓಡಾಟಕ್ಕೆ 250 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುವುದರಿಂದ, ಒಂದು ಗಾಡಿಯಿಂದಲೇ 660 ಕಿಲೋಗ್ರಾಮಿನಷ್ಟು ಅನಿಲ ಗಾಳಿಗೆ ಸೇರುವುದು ತಪ್ಪುವುದು.

ಅಭ್ಯಾಸಕ್ಕಾಗಿ

1. ಭಾರದ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ ಗಂಟೆಗೆ 18 ಕಿ.ಮೀ. ವೇಗದ ಗಾಳಿ ನೇರ ಎದುರಿಗೆ ಬೀಸಿದರೆ ಲೀಟರಿಗೆ ಎಷ್ಟು ಕಿಲೋಮೀಟರ್ ದೊರೆಯುವುದು? (ಗಾಳಿಗೆ ಸಾಪೇಕ್ಷವಾದ ವೇಗವನ್ನು ಬಳಸಿರಿ.)

2. ಟಯರಿನಲ್ಲಿ ಗಾಳಿ ಕಡಿಮೆಯಾಗಿ ಉರುಳು ತಡೆ ತೂಕದ ಸಾವಿರಕ್ಕೆ 12ರಿಂದ 14ಕ್ಕೆ ಏರಿದರೆ, 60ರ ಸಮವೇಗದಲ್ಲಿ ಮೈಲೇಜು ಎಷ್ಟಾಗುವುದು?

3. ಪೆಟ್ಟಿಗೆಗಳನ್ನು ಚಾಲಕನ ಕೋಣೆಗಿಂತ ಎತ್ತರಕ್ಕೆ ಪೇರಿಸಿದ್ದರಿಂದ ಮುಖದ ವಿಸ್ತಾರ 3 ಚದರ ಮೀಟರಿನಿಂದ 3.6ಕ್ಕೆ ಹೆಚ್ಚಿತು. 60 ಮತ್ತು 80ರ ವೇಗಗಳಲ್ಲಿ ವಾತರೋಧ ಎಷ್ಟೆಷ್ಟು ಹೆಚ್ಚುವುದು?

ಉತ್ತರಗಳು: 1. ಸುಮಾರು 11.5 ಕಿ.ಮೀ. 2. ಸುಮಾರು 13.9 ಕಿ.ಮೀ. 3. 60 ನ್ಯೂಟನ್, ಸುಮಾರು 107 ನ್ಯೂಟನ್.